ಎರಡಕ್ಷರದ ಹಾಡು

ಮನೆ, ಮಹಡಿ ಕೋಣೆ
ಮಾರ್ಚ್ ಹದಿನಾಲ್ಕು, ಶುಕ್ರವಾರ

ಮುಂದಿನ ಕುರ್ಚಿಯ ಗಣ್ಯರೇ, ಹಿಂದಿನ ಬೆಂಚಿನ ಸಿಳ್ಳೆಯವರೇ, ಗೋಡೆ ಹತ್ತಿ ಕುಳಿತ ಪುಕ್ಕಟೆ ಪ್ರೇಕ್ಷಕರೇ! ಹೀಗೆ ಸಭೆಯನ್ನು ಕೂಗಿ ಕರೆಯದೆ ನಿನ್ನಪ್ಪನಿಗೆ ಕಾಗದ ಬರೆಯಲೂ ಬರುವುದಿಲ್ಲ ಕಣಮ್ಮ. ಈಗ ಸಭೆ ಎಂದರೆ ನೀನೊಬ್ಬಳೇ.

ಪ್ರೀತಿಯ ಪೀಪಿ,

ಗಂಟಲು ಹೇಗಿದೆ? ದೇಶ ದೇಶ ತಿರುಗಿ ಹಾಡುವವಳು, ಸಿಕ್ಕ ಸಿಕ್ಕ ನೀರು ಕುಡಿಯಬೇಡ. ನನ್ನ ಮಂಡಿ ರಾಜೀನಾಮೆ ಕೊಟ್ಟಿದೆ. ದನಿ ಮಾತ್ರ ಹಾಗೆಯೇ ಇದೆ. ಅನುಮಾನವಿದ್ದರೆ ಕೆಳಮನೆಯವರನ್ನು ಕೇಳು. ನೀನೂ ನಾನೂ ಮಾತು ಬಿಟ್ಟು ಒಂಬತ್ತು ವರ್ಷವಾಯಿತು.

ನಿನ್ನ ಮೇಲೆ ತೆಗೆದ ಸಾಕ್ಷ್ಯಚಿತ್ರದ ವಿಮರ್ಶೆಗಳನ್ನೆಲ್ಲ ಕ್ಷೌರದಂಗಡಿಯವನು ಕತ್ತರಿಸಿ ಇಟ್ಟಿದ್ದ. ಅವನ ಕತ್ತರಿಗೆ ನನ್ನ ತಲೆಯಲ್ಲಿ ಬೇರೆ ಕೆಲಸವಿಲ್ಲ. ಗಡ್ಡದ ನೊರೆಯಲ್ಲೇ ಓದಿದೆ. ನೀನು ಕೊನೆಗೆ ಹಾಡುವ ಮಾತಿಲ್ಲದ ಹಾಡು ಅಳಿದುಹೋದ ಯಾವುದೋ ಕುಲದ ಸಾವಿನ ಮಂತ್ರವೆಂದು ಒಬ್ಬ ಮಹಾಶಯ ಬರೆದಿದ್ದಾನೆ. ಜಗತ್ತಿನ ಸಂಗೀತಕ್ಕೆ ಭಾಷೆಯ ಹಂಗಿಲ್ಲವೆಂದು ಇನ್ನೊಬ್ಬಳು ಎರಡು ಕಾಲಂ ಕುಣಿದಿದ್ದಾಳೆ. ಮೂರನೆಯವನು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದಾನೆ: 'ಕಂಠವಿದೆ, ಅರ್ಥವಿಲ್ಲ.' ಅವನು ಎದುರಿಗೆ ಸಿಕ್ಕಿದ್ದರೆ ನಾಟಕದ ಪೆಟ್ಟಿಗೆಯಿಂದ ಮರದ ಕತ್ತಿ ತೆಗೆಯುತ್ತಿದ್ದೆ. ನೊರೆ ಒಣಗುವ ಹೊತ್ತಿಗೆ ನೆನಪಾಯಿತು, ಅದು ನನ್ನದೇ ಡೈಲಾಗು. ನಿನ್ನ ಮೊದಲ ಕಛೇರಿ ಮುಗಿದಾಗ, ಆ ಹಾಡು ಕೇಳಿ, ನಿನ್ನ ಗೆಳೆಯರೆಲ್ಲರ ಎದುರು ನಾನೇ ಹೇಳಿದ್ದು. ನೀನು ಏನೋ ಹೇಳಲು ಬಾಯಿ ತೆರೆದೆ. ನಾನು ಆಗಲೇ ಮೆಟ್ಟಿಲಿಳಿದಿದ್ದೆ.

ಮಧ್ಯಾಹ್ನದ ಆಟಕ್ಕೆ ಹೋದೆ. ಪರದೆಯ ಮೇಲೆ ನೀನು ಹೇಳಿದೆ: 'ಲಕ್ವ ಹೊಡೆದು ಅಮ್ಮನ ನಾಲಿಗೆ ಬಿದ್ದೋಗಿತ್ತು. ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದ್ರೂ ಇದನ್ನೇ ಅನ್ನೋಳು. ಅರ್ಥ ನಾನು ಹೇಳಲ್ಲ. ಗೊತ್ತಾಗಬೇಕಾದವರು ಒಬ್ರಿದಾರೆ.' ಆಮೇಲೆ ಹಾಡಿದೆ. ಅ… ಆ… ಕೆಳಗೊಂದು ಸ್ವರ, ಮೇಲಕ್ಕೆದ್ದು ಇನ್ನೊಂದು.

ಅಮ್ಮ ಹಾಸಿಗೆ ಹಿಡಿದ ಮೂರು ತಿಂಗಳು ನಾನು ನಾಟಕ ಕಂಪನಿಯ ಜೊತೆ ಊರೂರಲ್ಲಿ ಅರಸನಾಗಿ ಮೆರೆಯುತ್ತಿದ್ದೆ. ಪಾತ್ರ ಬಿಟ್ಟು ಬರಲಾಗದು ಎಂದು ನಿನಗೆ ಬರೆದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಕೊನೆಯ ಸದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಆದರೆ ಆ ರಾಗ ಇಪ್ಪತ್ತಾರು ವರ್ಷ ಕೇಳಿದ್ದು. ನಾನು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದಾಗಲೆಲ್ಲ ಅಡುಗೆಮನೆಯಿಂದ, ತಿರುಗಿಯೂ ನೋಡದೆ, ಕೇಳುತ್ತಿದ್ದಳಲ್ಲ: 'ಬಂದ್ರಾ?'

ವ್ಯಂಜನ ಉದುರಿಹೋಗಿ ಸ್ವರ ಉಳಿದಿತ್ತು, ಅಷ್ಟೇ.

ಬಾಯಿ ನನ್ನ ಮಾತು ಕೇಳಲಿಲ್ಲ. ಕತ್ತಲಲ್ಲಿ 'ಬಂದೆ ಕಣೇ' ಎಂದುಬಿಟ್ಟೆ. ನಿನ್ನಪ್ಪನ ಪಿಸುಮಾತು ಗೊತ್ತಲ್ಲ, ಕೊನೆಯ ಸಾಲಿಗೂ ಮುಟ್ಟುತ್ತದೆ. ಹಿಂದಿನಿಂದ ಯಾರೋ 'ಯಜಮಾನ್ರೇ, ಇದು ನಿಮ್ಮನೆ ಅಲ್ಲ' ಎಂದರು. ನಿಜವೇ. ಮನೆಯಲ್ಲಿ ಹೇಳಬೇಕಾಗಿದ್ದಾಗ ನಾನು ಹೇಳಲಿಲ್ಲ.

ನಿನ್ನ ಕಂಠ ನೂರು ಕಾಲ ಬಾಳಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ನಿನ್ನದು ನಾಲ್ಕನೇ ಮಹಡಿಯಂತೆ. ಮಂಡಿಯ ಕೈಕಾಲು ಹಿಡಿದಾದರೂ ಹತ್ತುತ್ತೇನೆ. ಹೆಜ್ಜೆ ಸದ್ದಿಗೆ ನೀನೇನೂ ಕೇಳಬೇಕಾಗಿಲ್ಲ, ಬಾಗಿಲೂ ತೆರೆಯಬೇಕಾಗಿಲ್ಲ. ಹೊರಗೆ ನಿಂತು ಉತ್ತರ ಹೇಳಿ, ಕಾಗದವನ್ನು ಬಾಗಿಲ ಸಂದಿಯಲ್ಲಿ ತಳ್ಳಿ, ಇಳಿದು ಬರುತ್ತೇನೆ.