ಒಂದೇ ಒಲೆ, ಒಂದೇ ಫೆಲೋಶಿಪ್: ಜನಸಂಖ್ಯಾ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ತಮಗೆ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ದೊರೆತದ್ದಕ್ಕೆ ಅಭಿನಂದನೆಗಳು. ಅದು ನನ್ನದಾಗಿತ್ತು. ದಯಮಾಡಿ ಹಿಂದಿರುಗಿಸಿ.

ಈ ಬಹಿರಂಗ ಪತ್ರ ಓದುವ ಮಹನೀಯರಿಗೂ ಸಂಗತಿ ತಿಳಿದಿರಲಿ. ಡಾಕ್ಟರೇಟ್ ಮುಗಿಸಿದ ನಾವು ಐವರು ಜನಸಂಖ್ಯಾ ಸಂಶೋಧನೆಯ ತರಬೇತಿಗೆಂದು ತಮ್ಮ ಕೇಂದ್ರ ಸೇರಿದೆವು. ತಾವು ಹೇಳಿಕೊಟ್ಟ ಮೊದಲ ಪಾಠ, ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದೇ ಕುಟುಂಬ. ಕೊಟ್ಟ ಮೊದಲ ಅಭ್ಯಾಸ, ಕುಟುಂಬ ಸಮೀಕ್ಷೆಯ ಪ್ರಶ್ನಾವಳಿಯನ್ನು ನಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುವುದು. ಕೇಂದ್ರದಲ್ಲಿರುವುದು ಒಂದೇ ಕರೆಂಟ್ ಒಲೆ. ಅದರ ಮೇಲೆ ಬೆಂದದ್ದನ್ನು ನಾವೂ ಉಣ್ಣುತ್ತೇವೆ, ವಾಸನೆ ಹಿಡಿದು ಬರುವ ತಾವೂ ಉಣ್ಣುತ್ತೀರಿ. ಹಾಗಾಗಿ ಪ್ರಾಮಾಣಿಕವಾಗಿ ಬರೆದೆವು: ಕುಟುಂಬ ಒಂದು, ಸದಸ್ಯರು ಆರು, ಯಜಮಾನರು ನಿರ್ದೇಶಕರು. ತಾವು 'ಭಲೇ' ಎಂದು ಕೆಂಪು ಶಾಯಿಯಲ್ಲಿ ಬರೆದು, ಮಾದರಿಯೆಂದು ಫೆಲೋಶಿಪ್ ಹಂಚುವ ಕೇಂದ್ರ ಕಚೇರಿಗೆ ಕಳಿಸಿದಿರಿ.

ಅಲ್ಲಿಯ ನಿಯಮವೇನು? ಒಂದು ಕುಟುಂಬಕ್ಕೆ ಒಂದೇ ಫೆಲೋಶಿಪ್, ಅದೂ ಯಜಮಾನರ ಹೆಸರಿಗೆ. ಈಗ ನಿವೃತ್ತಿಯ ಹೊಸ್ತಿಲಲ್ಲಿ, ಮೊಮ್ಮಕ್ಕಳ ಕಾಲದಲ್ಲಿ, ತಾವು ತರಬೇತಿಯ ಅಭ್ಯರ್ಥಿ. ಮಾರ್ಗದರ್ಶಕರೂ ತಾವೇ. ತಡವಾಗಿ ಬಂದ ದಿನ ತಮ್ಮನ್ನು ತಾವು ಗದರಿಸಿಕೊಂಡಿರಾ? ಅಥವಾ ಪ್ರತಿಭಾವಂತ ಹುಡುಗ ಎಂದು ಬಿಟ್ಟುಬಿಟ್ಟಿರಾ?

ದೂರು ತಂದಾಗ ತಾವು ಕೈಚೆಲ್ಲಿದಿರಿ. "ಏನಮ್ಮಾ ಮಾಡ್ಲಿ, ಬರೆದೋರು ನೀವೇ ಅಲ್ವಾ? ಡೇಟಾ ತಿದ್ದೋದು ಮಹಾಪರಾಧ ಅಂತ ನಾನೇ ಪಾಠ ಹೇಳಿದೀನಿ."

ಮನೆಯಲ್ಲಿ ನನ್ನ ಗಂಡನ ಪ್ರಶ್ನೆ ಬೇರೆ. "ಒಬ್ಬರು ಎರಡು ಮನೆ ಲೆಕ್ಕಕ್ಕೆ ಬರಲ್ಲ ಅಂತ ನೀನೇ ಹೇಳ್ತಿದ್ದೆ. ನೀನು ಆ ಮನೆಯವಳಾದ್ರೆ ನಾನ್ಯಾರು?"

ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. "ಹೋಗ್ಲಿ ಬಿಡೇ, ಆ ಮನೇಲಿ ಪಾತ್ರೆ ಯಾರು ತೊಳೀತಾರೆ?"

ತೊಳೆಯುವವಳು ನಾನೇ.

ನಗು ಸಾಕು. ಒಂದೇ ಮಗು ಸಾಕು ಎನ್ನುವ ತಾಯಂದಿರ ಮನಸ್ಸಿನಲ್ಲೇನಿದೆ ಎಂಬುದು ನನ್ನ ಅಧ್ಯಯನ. ಮೊದಲ ಭೇಟಿಯಲ್ಲಿ ಯಾರೂ ಬಾಯಿಬಿಡುವುದಿಲ್ಲ, ಎರಡನೆಯ ವರ್ಷ ಮತ್ತೆ ಹೋಗಬೇಕು. ಸಂತೆಬೀದಿಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟು, "ದುಡ್ಡಿಲ್ಲ ಅಂದೆನಲ್ಲ, ಅದು ಸುಳ್ಳು. ನಿಜವಾದ ಕಾರಣ ಬೇರೇನೇ ಇದೆ. ಮುಂದಿನ ಸಲ ಬನ್ನಿ, ಹೇಳ್ತೀನಿ" ಎಂದಿದ್ದಳು. ನನಗೆ ಈ ಕೆಲಸ ಇಷ್ಟ. ಫೆಲೋಶಿಪ್ ಇಲ್ಲದೆ ಎರಡನೆಯ ವರ್ಷವಿಲ್ಲ, ಆ ಮಾತು ಕೇಳುವುದೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಕ್ಕಳೆಲ್ಲ ಬೇರೆ ಒಲೆ ಹೂಡಿದ್ದಾರೆ, ಮನೆ ಪಾಲಾಗಿದೆ ಎಂದು ಇಂದೇ ಕೇಂದ್ರ ಕಚೇರಿಗೆ ಬರೆಯಿರಿ. ಆಗದಿದ್ದರೆ ಫೆಲೋಶಿಪ್ ಪಡೆದವರಾಗಿ ಆಕೆಯ ಮಹಡಿ ತಾವೇ ಹತ್ತಿ. ತಾವು ಬರುವ ಸಂಗತಿಯನ್ನು ಆಕೆಗೆ ಫೋನಿನಲ್ಲಿ ತಿಳಿಸಿದ್ದೇನೆ. ಆಕೆ ಕೊಟ್ಟ ಉತ್ತರ ಇದು:

"ನಿಮ್ ಸಾಹೇಬ್ರಾ? ಬರ್ಲಿ ಬಿಡಿ, ಪ್ಯಾಂಟಿಗೆ ಅಳತೆ ತಗೊಂಡು ಕಳಿಸ್ತೀನಿ. ಆ ವಿಷ್ಯ ನಮ್ಮೆಜಮಾನ್ರಿಗೇ ಹೇಳಿಲ್ಲ, ನಿಮ್ಮೆಜಮಾನ್ರಿಗೆ ಹೇಳ್ತೀನಾ?"

ಇಂತಿ,
ಹೆತ್ತವರು ಬೇರೆಯೇ ಇದ್ದರೂ ಸದ್ಯಕ್ಕೆ ತಮ್ಮ ಹಿರಿಯ ಮಗಳು