ಬೆಲ್ಟ್ ಸಿಗದ ವಾಚ್

ಅಣ್ಣಾ,

ನೀನು ಫೋನ್ ಎತ್ತುತ್ತಿಲ್ಲ ಅಂತ ಮೆಸೇಜ್ ಕಳಿಸ್ತಿದ್ದೀನಿ, ಪೂರ್ತಿ ಓದು. ನಾನೆಲ್ಲಿದ್ದೀನಿ ಅಂತ ನೋಡೋಕೆ ನೀನು ಕೊಡಿಸಿದ ಸ್ಮಾರ್ಟ್‌ವಾಚ್‌ನ ಬೆಲ್ಟ್ ಕಿತ್ತೋಯ್ತು. ಕೊಯಮತ್ತೂರೆಲ್ಲ ಹುಡುಕಿದೆ, ಎಲ್ಲಾ ಕಡೆ ಗಂಡಸರ ಅಳತೆಯ ಕರೀ ಬೆಲ್ಟೇ. "ವಾಚೇ ಹೊಸದು ತಗೋಮ್ಮಾ" ಅಂತಾರೆ. ಪೋತ್ತನೂರಿನ ವಾಚ್ ಅಂಗಡಿಯ ವಸಂತಕುಮಾರ್ ಒಬ್ರೇ, "ನಮ್ಮೂರಲ್ಲಿ ಅಳತೆ ಕೊಟ್ಟು ಹೊಲಿಸಿ ತರ್ತೀನಿ" ಅಂತ ವಾಚನ್ನ ಮೆಟ್ಟುಪಾಳ್ಯದ ಮನೆಗೆ ತಗೊಂಡೋದ್ರು.

ನಾನು ಹಾಸ್ಟೆಲ್ಲಲ್ಲೇ ಇದ್ದೀನಿ, ವಾರ್ಡನ್‌ನ ಕೇಳು. ನಿನ್ನ ಫೋನಲ್ಲಿ ಮೆಟ್ಟುಪಾಳ್ಯ ಅಂತ ಕಾಣ್ತಿರೋದು ಬರೀ ವಾಚು, ನಾನು ಯಾರ ಜೊತೆಗೂ ಓಡಿಹೋಗಿಲ್ಲ. ಹೊಡೆದಾಟಕ್ಕೆ ಹೋಗೋ ಆ ಮಂಜೇಶನ ಹುಡುಗರನ್ನ ಕರ್ಕೊಂಡು ನೀನು ಅಲ್ಲಿಗೆ ಹೊರಟೆ ಅಂತ ಅತ್ತಿಗೆ ಅಳ್ತಿದ್ರು. ಆ ಮನೇಲಿ ವಸಂತಕುಮಾರ್ ಅವರ ಹೆಂಡ್ತಿ, ಕೈಕೂಸು ಇದಾರೆ. ಬಾಗಿಲು ತಟ್ಟಬೇಡ, ನಿನ್ನ ಕಾಲಿಗೆ ಬೀಳ್ತೀನಿ.

ಈಗಷ್ಟೇ ವಾಚ್ ಆಫ್ ಆಯ್ತು ಅಂತ ನನ್ನ ಫೋನ್ ತೋರಿಸ್ತಿದೆ. ಯಾರು ಆಫ್ ಮಾಡಿದ್ದು ಅಣ್ಣಾ?

ನಿನ್ನ ತಂಗಿ,
ಪ್ರಕೃತಿ