ಮೂರು ಸಲ ಅದ್ದಿದ ಮುಂಡಪ್ಪ

ಕಾಪು
4-6-2006

ಪ್ರೀತಿಯ ಕರಿಬಸಣ್ಣನಿಗೆ ತಂಗಿ ಅನ್ನಪೂರ್ಣಾಳ ಶರಣು.

ಕಾಲಿನ ರಾಡು ತೆಗೆದರಾ? ಕೋಲಿಲ್ಲದೆ ಅಂಗಳದವರೆಗೆ ನಡೆಯುತ್ತೀಯೆಂದು ಅವ್ವ ಫೋನಿನಲ್ಲಿ ಹೇಳಿದಾಗ ಜೀವ ಹಗುರಾಯಿತು. ಮಣಿಪಾಲದಲ್ಲಿ ನೀನು ಬಿದ್ದ ಆ ಕಟ್ಟಡದ ಮುಂದೆ ಬಸ್ಸು ಹೋದರೆ ನಾನು ಇವತ್ತಿಗೂ ಆ ಕಡೆ ನೋಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆಂದು ಕೇಳಿದರೆ ನೀನು ಬೈಯುತ್ತೀ.

ಕಾರ್ಕಳದ ಶೇಖರಣ್ಣನ ಹಣ್ಣಿನ ಗೋದಾಮು ಬಿಟ್ಟೆ. ಮೊದಲು ನಾನು ಮಣಿಪಾಲದ ಲ್ಯಾಬೊಂದರಲ್ಲಿ ನೆಲ ಒರೆಸುತ್ತಿದ್ದೆನಲ್ಲ, ಅಲ್ಲಿನ ಜೋನ್ ಮೇಡಂ ಹಣ್ಣಿಗೆ ಹಚ್ಚುವ ಲೇಪ ಕಲಿಸಿದ್ದರು. ಲೋಳೆಸರದ ತಿರುಳು ರುಬ್ಬಿ, ಸೋಸಿ, ಕಾಯಿಸಿ ಆರಿಸಿ, ತೊಳೆದು ಒರೆಸಿದ ಹಣ್ಣನ್ನು ಅದರಲ್ಲಿ ಅದ್ದಿ ತೆಗೆಯುವುದು. ಹಣ್ಣಿನ ಜೊತೆ ಲೇಪವನ್ನೂ ತಿನ್ನಬಹುದು. "ಒಂದೇ ಸಲ, ತೆಳ್ಳಗೆ. ಹಣ್ಣೂ ಉಸಿರಾಡ್ತದೆ ಅಲ್ವಾ" ಎನ್ನುತ್ತಿದ್ದರು. ಆ ವಿದ್ಯೆಯನ್ನು ನಾನು ಗೋದಾಮಿಗೆ ತಂದೆ. ಹೋದ ವರ್ಷ ಕೊಳೆತು ಎಸೆಯುವ ಮಾವು ಅರ್ಧಕ್ಕರ್ಧ ಕಡಿಮೆಯಾಯಿತು.

ಈ ಏಪ್ರಿಲಿನಲ್ಲಿ ಮುಂಬೈಯ ಹೋಟೆಲಿನವರು ನೋಡಲು ಬಂದರು. "ಇದು ನನ್ನದೇ ಫಾರ್ಮುಲಾ" ಎಂದ ಶೇಖರಣ್ಣ. "ಅಣ್ಣಾ, ನಾನಲ್ಲವಾ ಮಾಡಿದ್ದು?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವನು ನಕ್ಕ. "ಇವಳು ಕಸ ಗುಡಿಸುವವಳು ಮಾರಾಯ್ರೆ, ಘಟ್ಟದ ಮೇಲಿನವಳು. ಇವಳಿಗೆ ಎಂತ ಗೊತ್ತುಂಟು?" ಬಂದವರೂ ನಕ್ಕರು. ಮರುದಿನ ಲೇಪದ ಟಬ್ಬಿನ ಮುಂದಿನಿಂದ ನನ್ನನ್ನು ಎಬ್ಬಿಸಿ ಕೈಗೆ ಹಿಡಿಸೂಡಿ ಕೊಟ್ಟ. ಕರಿಬಸಣ್ಣಾ, ಗುಡಿಸುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ಆ ನಗು ಮೂರು ವಾರ ನನ್ನ ಅನ್ನಕ್ಕೂ ಕಹಿ ಬೆರೆಸಿತು.

ಮೇ ತಿಂಗಳಲ್ಲಿ ಹೋಟೆಲಿಗೆ ತೋರಿಸಲೆಂದು ಒಳ್ಳೊಳ್ಳೆಯ ಮುಂಡಪ್ಪ ಮಾವುಗಳನ್ನು ಆರಿಸಿ ಅವನೇ ಲೇಪ ಹಚ್ಚಿದ. ಮಂದ ಪಾಕ, ಮೂರು ಮೂರು ಸಲ ಅದ್ದಿದ. ನಾನು ಗುಡಿಸುತ್ತಾ ಸುಮ್ಮನಿದ್ದೆ. ಒಂಬತ್ತನೇ ದಿನ ಅವರ ಮುಂದೆ ಪೆಟ್ಟಿಗೆ ತೆರೆದರೆ ಹಣ್ಣು ಗಾಜಿನಂತೆ ಹೊಳೆಯುತ್ತಿತ್ತು. "ಅಬ್ಬಾ!" ಎಂದರು. ಚಾಕು ಇಳಿಯಿತು. ಒಳಗೆ ಕಂದು ನೀರು. "ಎಂತದಿದು, ಗಡಂಗಿನ ವಾಸನೆ!" ಎಂದು ಹೋಟೆಲಿನವರು ಮೂಗು ಮುಚ್ಚಿಕೊಂಡರು. ಹುಳಿತ ಕಳ್ಳಿನ ಆ ವಾಸನೆಯನ್ನು ನಾನು ಊದುಬತ್ತಿಯ ಹೊಗೆಯಂತೆ ಎಳೆದುಕೊಂಡೆ. ಅವರು ಕಾರು ಹತ್ತಿ ಹೋದ ಮೇಲೆ ಅವನು ನನ್ನ ಹತ್ತಿರ ಬಂದು, "ನೀನಾದರೂ ಮೊದಲೇ ಹೇಳಬಾರದಿತ್ತಾ?" ಎಂದ. "ಕಸ ಗುಡಿಸುವವಳಿಗೆ ಎಂತ ಗೊತ್ತುಂಟು ಅಣ್ಣಾ?" ಎಂದೆ. ಹಿಡಿಸೂಡಿ ಅವನ ಕಾಲ ಬಳಿ ಇಟ್ಟು ಬಂದೆ.

ಈಗ ಕಾಪುವಿನ ಗ್ಲ್ಯಾಡಿಸ್ ಬಾಯಮ್ಮನ ಹಣ್ಣಿನಂಗಡಿಯಲ್ಲಿದ್ದೇನೆ. ಶೇಖರಣ್ಣನಿಂದ ಹಣ್ಣು ಒಯ್ಯುತ್ತಿದ್ದ ಉಡುಪಿಯ ಎರಡು ಅಂಗಡಿಗಳಿಗೆ ನಾನೇ ಹೋಗಿ ನಮ್ಮ ಮಾವು ಕತ್ತರಿಸಿ ತಿನ್ನಿಸಿದೆ. ಈಗ ಅವರು ನಮ್ಮವರು. ಕಡಿಯಾಳಿಯ ಮೂರನೆಯ ಅಂಗಡಿಯವರೂ ಬರುತ್ತಾರೆ, ನೋಡುತ್ತಿರು.

ಅವ್ವನಿಗೆ ನನ್ನ ಶರಣು ಹೇಳು. ಕಾಲಿನ ಮೇಲೆ ಭಾರ ಹಾಕಬೇಡ.

ನಿನ್ನ ತಂಗಿ,
ಅನ್ನಪೂರ್ಣಾ

ಮತ್ತೊಂದು ಮಾತು: ಸುಮ್ಮನಿದ್ದೆ ಎಂದು ಮೇಲೆ ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ಮೊದಲ ಹಣ್ಣು ಅದ್ದಿದ ಶೇಖರಣ್ಣ ನನ್ನ ಕಡೆ ತಿರುಗಿ, "ಮೂರು ಸಲ ಅದ್ದಿದರೆ ಎಂತ ಆಗ್ತದೆ?" ಎಂದು ಕೇಳಿದ್ದ. "ಇನ್ನೂ ಹೊಳಪು ಬರ್ತದೆ" ಎಂದೆ. ಈ ಸಾಲನ್ನು ಅವ್ವನಿಗೆ ಓದಿ ಹೇಳಬೇಡ.